ಪ್ಯಾರಿಸ್ಸಿನಲ್ಲಿ ಊಟಕ್ಕೆ ಎಲ್ಲಿ, ಮೇಡಂ?

ನಮ್ಮ ಮೇಲಿನ ಮನೆಯ ಇಂಜಿನಿಯರ್ ಸಾಹೇಬರು ಒಂದು ಲೋಟ ನೀರು ಕುಡಿಯಬೇಕಾದರೂ ಮೊದಲು ಆ ನೀರಿನ ಜಾತಕ ಕೇಳುವವರು. ನಂಬುವುದಿಲ್ಲವೇ? ಹಾಗಾದರೆ ನೀವು ಕುವೈತಿನಲ್ಲಿ, ಖೈತಾನಿನ ನಮ್ಮ ಕಟ್ಟಡದಲ್ಲಿ ವಾಸ ಮಾಡಿದವರಲ್ಲ, ಬಿಡಿ!

ಅವರು ಮೈಸೂರು ಕಡೆಯ ಶುದ್ಧ ಸಸ್ಯಾಹಾರಿ. ನಾವು ಮಂಗಳೂರಿನ ಕ್ರಿಶ್ಚಿಯನ್ನರು. ಮೀನಿಲ್ಲದ ದಿನ ನಮ್ಮ ಯಜಮಾನರಿಗೆ ಊಟ ಮಾಡಿದ ಹಾಗೇ ಅನಿಸುವುದಿಲ್ಲ. ಕೆಳಗಿನ ಮನೆ ನಮ್ಮದು, ಮೇಲಿನದು ಅವರದು. ಬಂಗುಡೆ ಹುರಿಯುವ ವಾಸನೆಗೆ ಮೆಟ್ಟಿಲು ಹತ್ತಲು ಯಾರ ಅಪ್ಪಣೆ ಬೇಕು, ಹೇಳಿ? ಸಾಹೇಬರು ಧಡಾರನೆ ಕಿಟಕಿ ಮುಚ್ಚುವ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಬೇಕೆಂದೇ ಇನ್ನೆರಡು ಬಂಗುಡೆ ಕಾವಲಿಗೆ ಹಾಕುತ್ತಿದ್ದೆ.

ನಮ್ಮ ಮನೆಗೆ ಬಂದರೆ ಅವರಿಗೆ ಕಾಫಿ ಬೇಡ, ಟೀ ಬೇಡ. ಒಮ್ಮೆ ಕಿತ್ತಳೆಹಣ್ಣನ್ನಾದರೂ ಕೊಡೋಣವೆಂದು ಚಾಕು ತೆಗೆದೆ.

"ಮೇಡಂ, ಕತ್ತರಿಸ್ಬೇಡಿ, ಹಾಗೇ ಕೊಡಿ," ಅಂದರು.

ಅನುಮಾನ ಹಣ್ಣಿನ ಮೇಲಲ್ಲ ಸ್ವಾಮೀ, ನನ್ನ ಚಾಕುವಿನ ಮೇಲೆ! ನನಗೆ ಮೈಯೆಲ್ಲ ಉರಿಯಿತು. "ಅಲ್ಲ ಸರ್, ಆ ಮರದ ಬುಡಕ್ಕೆ ಮೀನಿನ ಗೊಬ್ಬರ ಹಾಕಿದ್ರೆ ಎಂತ ಮಾಡ್ತೀರಿ?" ಎಂದೆ. ಅವರು ಹಣ್ಣನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟುಬಿಟ್ಟರು.

ಇಂಥವರನ್ನು ಕಟ್ಟಿಕೊಂಡ ಹೆಂಡತಿಯ ಗತಿ ಏನಾಗಬೇಕು? ಆಕೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾದಂದಿನಿಂದ ಹೊರಗೆ ಒಂದು ಇಡ್ಲಿ ತಿಂದವರಲ್ಲ ಪಾಪ. ತಿಂಡಿ, ಸಾಹೇಬರ ಮಧ್ಯಾಹ್ನದ ಡಬ್ಬಿ, ರಾತ್ರಿಯ ಸಾರು, ಎಲ್ಲ ಅವರ ಕೈಯದೇ. ಫಹಾಹೀಲಿನ ಸಮುದ್ರದ ದಂಡೆಗೆ ಗಾಳಿ ತಿನ್ನಲು ಹೋದರೂ ಮಡಿಲಲ್ಲಿ ಪುಳಿಯೋಗರೆ ಡಬ್ಬಿ! ತೊಂಬತ್ತರ ಬೇಸಿಗೆಯಲ್ಲಿ ಸಾಹೇಬರಿಗೆ ರಜೆ ಮಂಜೂರಾಗಿ, ಅವರ ಆಫೀಸಿನವರೆಲ್ಲ ನೋಡಿಬಂದ ಪ್ಯಾರಿಸ್ಸಿಗೆ ತಾವಿಬ್ಬರೂ ಹೋಗುವ ಮಾತು ಬಂದಾಗ ಅಕ್ಕ ನನ್ನೆದುರೇ ಹೇಳಿಬಿಟ್ಟರು.

"ನನಗೆ ಆ ಟವರೂ ಬೇಡ, ಸೆಂಟೂ ಬೇಡ. ಒಂದು ಹೋಟೆಲಲ್ಲಿ ಮೇಜಿನ ಮುಂದೆ ಕೂತ್ಕೋಬೇಕು. ಬೇರೆಯವರು ಮಾಡಿ ಬಡಿಸಿದ್ದನ್ನ ಬಿಸಿಬಿಸಿಯಾಗಿ ಉಣ್ಣಬೇಕು. ಒಂದೇ ಒಂದು ಸಲ. ಕುಕ್ಕರ್ ಏನಾದ್ರೂ ಸೂಟ್‌ಕೇಸಿಗೆ ಹಾಕಿದ್ರೋ, ನಾನು ಬರೋದೇ ಇಲ್ಲ ನೋಡಿ!"

ಸಾಹೇಬರ ಮುಖ ಹುಳ್ಳಗಾಯಿತು. ಮರುದಿನವೇ ನನ್ನ ಆಫೀಸಿಗೆ ಹಾಜರ್. ನಾನು ಆಗ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದೆ.

"ಟಿಕೆಟ್ ವಿಷಯ ಆಮೇಲೆ. ಪ್ಯಾರಿಸ್ಸಿನಲ್ಲಿ ಊಟಕ್ಕೆ ಎಲ್ಲಿ, ಮೇಡಂ?"

ನಾನೇನು ಪ್ಯಾರಿಸ್ಸಿನಲ್ಲಿ ಸಂಸಾರ ಮಾಡಿದವಳೇ? ಬಣ್ಣದ ಬ್ರೋಷರಿನಲ್ಲಿ ಕಂಡದ್ದಷ್ಟೇ. ಆದರೂ ಸೋಲಬಾರದೆಂದು, "ಬ್ರೆಡ್ ಅಂತೂ ಎಲ್ಲ ಕಡೆ ಉಂಟಲ್ಲ ಸರ್," ಎಂದೆ.

"ಬೇಯಿಸೋ ತಟ್ಟೆಗೆ ಏನು ಸವರ್ತಾರೆ? ಹಂದಿ ಕೊಬ್ಬಲ್ಲ ಅಂತ ನೀವು ಬರ್ಕೊಡ್ತೀರಾ?"

"ಚೀಸ್?"

"ಹಾಲು ಒಡೆಸೋಕೆ ಕರುವಿನ ಹೊಟ್ಟೆಯದು ಏನೋ ಹಾಕ್ತಾರಂತೆ."

"ಕರಿದ ಆಲೂಗಡ್ಡೆ?"

"ಆ ಎಣ್ಣೇಲಿ ಬೆಳಗ್ಗೆ ಏನು ಕರಿದಿದ್ರೋ?"

ನನ್ನ ತಲೆ ಚಿಟ್ಟುಹಿಡಿಯಿತು. ನಮ್ಮ ಮ್ಯಾನೇಜರ್ ಲೆಬನಾನಿನವನು, ಪ್ಯಾರಿಸ್ಸಿನಲ್ಲಿ ಓದಿದವನು. ಅವನನ್ನೇ ಕರೆದೆ. ಅವನು ವಿಷಯ ಕೇಳಿ, ಇಷ್ಟೇನಾ ಎಂಬಂತೆ ಸಾಹೇಬರ ಬೆನ್ನು ತಟ್ಟಿದ. "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ! ಮಾಂಸ ಬೇಡವಾದರೆ ಬಹಳ ಸುಲಭ. ಮೀನು ತಿನ್ನಿ!"

ಆಗ ಸಾಹೇಬರು ನನ್ನನ್ನು ನೋಡಿದ ನೋಟ! ಆ ಮಾತನ್ನು ಅವನಿಗೆ ಹೇಳಿಕೊಟ್ಟವಳು ನಾನೇ ಎಂದು ಇವತ್ತಿಗೂ ಅವರಿಗೆ ಅನುಮಾನವಿದೆ.

ಅಲ್ಲಿಗೆ ನಿಲ್ಲಿಸಿದರೇ? ಕುವೈತಿನದೇ ದೊಡ್ಡ ಹೋಟೆಲೊಂದರಲ್ಲಿ ಫ್ರೆಂಚ್ ಊಟ ಹಾಕುತ್ತಾರೆಂದು ಕೇಳಿ, ಅಕ್ಕನನ್ನು ಮನೆಯಲ್ಲೇ ಬಿಟ್ಟು, ಒಬ್ಬರೇ ತನಿಖೆಗೆ ಹೋದರು. ತಿನ್ನಲಿಕ್ಕಲ್ಲ, ಅಡುಗೆಮನೆ ನೋಡಲಿಕ್ಕೆ! ಒಳಗೆ ಉದ್ದನೆಯ ಬಿಳಿ ಟೊಪ್ಪಿ ಹಾಕಿ ನಿಂತಿದ್ದ ಫ್ರೆಂಚ್ ಅಡುಗೆಯವನು ಯಾರೆಂದುಕೊಂಡಿರಿ? ನಮ್ಮ ಕುಂದಾಪುರದವನು! ತರಕಾರಿ ಸೂಪಿಗೆ ಏನು ಹಾಕುತ್ತೀಯಪ್ಪ ಎಂದು ಕೇಳಿದ್ದಕ್ಕೆ ಅವನು ಸಂತೋಷದಿಂದ, "ಎಲುಬು ಬೇಯ್ಸಿದ್ ನೀರ್ ಹಾಕ್ದೇ ಇದ್ರೆ ರುಚಿ ಎಲ್ಲಿಂದ್ ಬತ್ತ್ ಮಾರಾಯ್ರೆ?" ಅಂದನಂತೆ. ಸಾಹೇಬರು ಮನೆಗೆ ಬಂದು ಸ್ನಾನ ಮಾಡಿದರು.

ಈಗ ಅನುಮಾನ ಶುರುವಾದದ್ದು ನನಗೆ. ಈ ಮನುಷ್ಯನಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವ ಮನಸ್ಸೇ ಇಲ್ಲ. ಊಟದ ನೆಪ ಹೇಳಿ ಪ್ರವಾಸಕ್ಕೆ ಎಳ್ಳುನೀರು ಬಿಡಲು ನೋಡುತ್ತಿದ್ದಾರೆ! ಅಕ್ಕನ ಎದುರು ಅದನ್ನೇ ಅಂದೆ. ಅಕ್ಕ ನಕ್ಕರು, ಆದರೆ ಕಣ್ಣು ತಗ್ಗಿಸಿ. "ನನಗೂ ಹಾಗೇ ಅನ್ಸುತ್ತೆ ಕಣ್ರೀ," ಅಂದರು.

ಕೊನೆಗೆ ಪ್ಯಾರಿಸ್ಸಿನಲ್ಲೇ ಗುಜರಾತಿಗಳು ನಡೆಸುವ ಒಂದು ಸಸ್ಯಾಹಾರಿ ಹೋಟೆಲಿನ ಹೆಸರನ್ನು ನಾನೇ ಹುಡುಕಿಕೊಟ್ಟೆ. ಅಲ್ಲಿಯವರು ಬೇಯಿಸುವಾಗ ತಾವು ಒಲೆಯ ಪಕ್ಕ ನಿಲ್ಲುವುದೆಂಬ ಷರತ್ತಿನ ಮೇಲೆ ಸಾಹೇಬರು ಒಪ್ಪಿದರು. ಆಗಸ್ಟ್ ನಡುವಿಗೆ ಟಿಕೆಟ್ ಬರೆದೆ. ಅಕ್ಕ ಹೊಸ ಚಪ್ಪಲಿ ಕೊಂಡರು.

ಆಗಸ್ಟ್ ಹುಟ್ಟುತ್ತಲೇ ಇರಾಕಿನ ಟ್ಯಾಂಕುಗಳು ಬಂದವು. ಪ್ಯಾರಿಸ್ ಖಲಾಸ್! ಸೈನಿಕರು ನಮ್ಮ ಆಫೀಸಿನ ಕುರ್ಚಿಗಳನ್ನೂ ಬಿಡದೆ ದೋಚಿಕೊಂಡು ಹೋದರು. ಈಗ ಇಡೀ ಊರೇ ಸಾಹೇಬರ ಹಾಗಾಯಿತು. ಬಾಗಿಲು ತಟ್ಟಿದರೆ ಯಾರು, ಫೋನು ಬಂದರೆ ಯಾಕೆ, ಬಸ್ಸು ಬಿಡುತ್ತಾರೆ ಅಂದರೆ ಎಲ್ಲಿಗೆ? ನಂಬಿಕೆ ಎಂಬುದು ಗೋಧಿಹಿಟ್ಟಿನ ಜೊತೆಗೇ ಅಂಗಡಿಗಳಿಂದ ಮಾಯವಾಯಿತು.

ಸೆಪ್ಟೆಂಬರಿನಲ್ಲಿ ಅಕ್ಕ ಜ್ವರದಿಂದ ಮಲಗಿದರು. ಸಾಹೇಬರು ಅಡುಗೆಗೆ ಇಳಿದರು. ಅನ್ನ ಸೀದ ವಾಸನೆ ಈಗ ಮೇಲಿನಿಂದ ಕೆಳಗೆ ಬರತೊಡಗಿತು. ನಾನು ನೋಡಿಬರಲು ಹೋದಾಗಲೆಲ್ಲ "ಏನೂ ಬೇಡ ಮೇಡಂ" ಎಂದು ಬಾಗಿಲಲ್ಲೇ ಕಳಿಸುತ್ತಿದ್ದರು. ಈ ಹೊತ್ತಿನಲ್ಲೂ ಎಂಥ ಹಟ ಎಂದು ನಾನು ಹಲ್ಲು ಕಡಿದೆ.

ಒಂದು ಮಧ್ಯಾಹ್ನ ಅವರೇ ಬಂದು ನಮ್ಮ ಬಾಗಿಲಲ್ಲಿ ನಿಂತರು. ಗಡ್ಡ ಬೆಳೆದಿತ್ತು.

"ಮೇಡಂ, ನಾನು ಮಾಡಿದ್ದು ಅವಳಿಗೆ ಗಂಟಲಲ್ಲಿ ಇಳೀತಿಲ್ಲ. ಬರೀ ನೀರಲ್ಲೇ ಇದಾಳೆ. ನಿಮ್ಮನೇಲಿ... ಊಟ ಸಿಗುತ್ತಾ?"

ನಾನು ಗಡಿಬಿಡಿಯಲ್ಲಿ, "ಅಯ್ಯೋ, ಯಾಕೆ ಸಿಗ್ಲಿಕ್ಕಿಲ್ಲ ಸರ್! ಹೊಸ ಪಾತ್ರೆ ಉಂಟು, ಮೀನು ಮುಟ್ಟಿದ್ದಲ್ಲ, ಸೌಟೂ ಬೇರೆ..." ಎಂದು ಶುರುಮಾಡಿದೆ. ಅವರು ಕೈ ಮುಗಿದುಬಿಟ್ಟರು.

"ಅದೇನೂ ಹೇಳ್ಬೇಡಿ. ಅವಳು ಉಂಡ್ರೆ ಸಾಕು."

"ಹಾಗಾದ್ರೆ ಮೇಲೆಯೇ ತಂದು ಕೊಡ್ತೇನೆ."

"ಬೇಡ ಮೇಡಂ. ಮೇಜಿನ ಮುಂದೆ ಕೂತ್ಕೋಬೇಕು ಅಂತಿದ್ಳು. ಕರ್ಕೊಂಡು ಬರ್ತೀನಿ."

ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಕರೆತಂದರು. ಅಕ್ಕನಿಗೆ ಒಳ್ಳೆಯ ಸೀರೆ ಉಡಿಸಿದ್ದರು. ತಲೆ ಬಾಚಿದ್ದೂ ಅವರೇ ಇರಬೇಕು, ಬೈತಲೆ ಸೊಟ್ಟಗಿತ್ತು. ನಾನು ಕುಚ್ಚಲಕ್ಕಿ ಗಂಜಿ, ಹೆಸರುಬೇಳೆ ತೊವ್ವೆ, ಮಾವಿನ ಉಪ್ಪಿನಕಾಯಿ ಬಡಿಸಿದೆ. ಅಕ್ಕ ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಆಮೇಲೆ ತಟ್ಟೆ ಖಾಲಿಯಾಗುವವರೆಗೂ ಉಂಡರು. ಸಾಹೇಬರಿಗೂ ತಟ್ಟೆ ಇಟ್ಟೆ. ಏನು, ಎತ್ತ ಎಂದು ಕೇಳದೆ ಅವರೂ ಕೂತು ಉಂಡರು.

ಊಟ ಮುಗಿದು ಅಕ್ಕ ಅಭ್ಯಾಸಬಲದಿಂದ ತಟ್ಟೆ ಹಿಡಿದು ಏಳಹೋದರು. ಸಾಹೇಬರು ಅದನ್ನು ಕೈಯಿಂದ ತೆಗೆದುಕೊಂಡರು.

"ಹೋಟೆಲಿಗೆ ಬಂದೋರು ಎಲ್ಲಾದ್ರೂ ತಟ್ಟೆ ಎತ್ತುತ್ತಾರೇನೇ? ಕೂತ್ಕೋ."

ಅವರ ಮನೆತನದಲ್ಲಿ ಗಂಡಸು ಹೆಂಡತಿಯ ಎಂಜಲು ತಟ್ಟೆ ಎತ್ತಿದ್ದನ್ನು ಯಾರೂ ಕಂಡಿರಲಾರರು. ಅದನ್ನು ಹಿಡಿದು ನನ್ನ ಅಡುಗೆಮನೆಗೆ, ನಾನು ದಿನವೂ ಬಂಗುಡೆ ತೊಳೆಯುವ ಸಿಂಕಿಗೇ ಹೋಗಿ, ನಲ್ಲಿ ತಿರುಗಿಸಿ, ನಿಧಾನವಾಗಿ ತಿಕ್ಕಿ ತೊಳೆದರು. ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಮಾತ್ರ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಗಂಡನ ಬೆನ್ನನ್ನೇ ನೋಡುತ್ತಾ ನಗುತ್ತಿದ್ದರು.