ಪಂಢರಿನಾಥನ ಒಂದು ಸಾಲು

ಪಂಢರಿನಾಥನಿಗೆ ಮೂಲವ್ಯಾಧಿ ಇತ್ತು. ಮೂವತ್ತರ ಹುಡುಗನಿಗೆ, ಅದೂ ಮದುವೆ ಮಾತುಕತೆ ನಡೆಯುತ್ತಿರುವಾಗ, ದೇವರು ಹೊತ್ತುಗೊತ್ತು ನೋಡದೆ ಕೊಟ್ಟ ಕಾಯಿಲೆ.

ಚೆನ್ನೈನ ಪೋರೂರಿನ ಒಂದು ಆಸ್ಪತ್ರೆಯಲ್ಲಿ ಅವನು ಕಂಪ್ಯೂಟರ್ ವಿಭಾಗದ ಉಸ್ತುವಾರಿ. ಬೇರೆ ಕಡೆ ಹೋಗಲು ರಜೆ ಸಿಗದೆ ಮೂರು ವಾರದ ಹಿಂದೆ ಅಲ್ಲೇ ತೋರಿಸಿಕೊಂಡಿದ್ದ. ಅದಕ್ಕೂ ಭಾನುವಾರವನ್ನೇ ಆರಿಸಿಕೊಂಡಿದ್ದ, ಯಾಕೆಂದರೆ ಅಂದು ನೋಂದಣಿ ಕೌಂಟರಿನಲ್ಲಿ ಜಲಜಮ್ಮ ಇರುವುದಿಲ್ಲ. ಜಲಜಮ್ಮ ಅವನ ಕೆಳಗಿನ ಮನೆಯವರು. ಅವರ ಕಿವಿಗೆ ಬಿದ್ದ ಸುದ್ದಿ ಪುರಸೈವಾಕ್ಕಂನಿಂದ ಮಾಧವರಂವರೆಗಿನ ಕನ್ನಡದ ಮನೆಗಳಿಗೆಲ್ಲ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ತಲುಪುತ್ತದೆಂದು ಅವನ ನಂಬಿಕೆ. ಸಾಲದ್ದಕ್ಕೆ, ಅವನಿಗೆ ಗೊತ್ತುಮಾಡಲು ಹೊರಟಿದ್ದ ಹುಡುಗಿ ಮಾಧವಿ ಜಲಜಮ್ಮನ ಅಕ್ಕನ ಮಗಳು. ಬರುವ ಭಾನುವಾರ ಹೆಣ್ಣು ನೋಡುವ ಶಾಸ್ತ್ರ. ಫೋಟೋ ನೋಡಿಯೇ ಪಂಢರಿನಾಥ ಅರ್ಧ ಅಳಿಯನಾಗಿಬಿಟ್ಟಿದ್ದ.

ಭಯವಿದ್ದದ್ದು ಕಂಪ್ಯೂಟರಿನದು. ಅಲ್ಲಿ ರೋಗಿಗೊಂದು ಸಾಲು: ಹೆಸರು, ವಯಸ್ಸು, ಕಾಯಿಲೆ. ಪಟ್ಟಿ ತೆರೆದವರಿಗೆ ಎಲ್ಲರ ಸಾಲೂ ಕಾಣುತ್ತಿತ್ತು. ಯಾರಿಗೆ ಏನಾಗಿದೆಯೆಂದು ಅಡುಗೆಮನೆಯವರೂ ಓದಬಹುದಿತ್ತು. ಇದು ತಪ್ಪೆಂದು ಪಂಢರಿನಾಥನಿಗೆ ನಾಲ್ಕು ವರ್ಷ ಅನಿಸಿರಲಿಲ್ಲ. ತನ್ನ ಸಾಲೂ ಸೇರಿದ ಮೇಲೆ ಅನಿಸಿತು. ರೋಗಿಗಳ ಮಾನದ ಬಗ್ಗೆ ಎರಡು ಪುಟ ಬರೆದು ಡೈರೆಕ್ಟರ ಒಪ್ಪಿಗೆ ಪಡೆದ. ಕೇಳುತ್ತಿರುವವರು ಯಾರೆಂದು ನೋಡಿ, ಅವರಿಗೆ ಸಲ್ಲುವ ಸಾಲುಗಳನ್ನಷ್ಟೇ ಕಂಪ್ಯೂಟರೇ ಆರಿಸಿ ಕೊಡುವಂಥ ನಿಯಮ ಬರೆದ. ಡಾಕ್ಟರಿಗೆ ತನ್ನ ರೋಗಿಗಳು, ನರ್ಸಿಗೆ ತನ್ನ ವಾರ್ಡು, ಕೌಂಟರಿಗೆ ಅಂದಂದು ಬಂದವರು ಮಾತ್ರ.

ಸೋಮವಾರ ಬೆಳಿಗ್ಗೆ, ಜಲಜಮ್ಮ ಕೌಂಟರಿನಲ್ಲಿ ಕೂರುವ ಮೊದಲೇ ನಿಯಮ ಜಾರಿಗೆ ಬಂತು. ಅವಸರದಲ್ಲಿ ಒಂದು ಸಣ್ಣ ಕೆಲಸ ಮರೆತಿತ್ತು. ನಿಯಮ ಸರಿಯಾಗಿ ಸೋಸುತ್ತದೆಯೇ ಎಂದು ಪರೀಕ್ಷಿಸಲು ಅವನು 'ಈ ಒಂದು ಸಾಲು ಮಾತ್ರ ತೋರಿಸು' ಎಂದು ಬರೆದಿದ್ದ. ಪರರ ಕಾಯಿಲೆ ಇಣುಕಿ ನೋಡಬಾರದೆಂದು ತನ್ನ ನೋಂದಣಿ ಸಂಖ್ಯೆಯನ್ನೇ ಹಾಕಿದ್ದ. ಅದನ್ನು ತೆಗೆದಿರಲಿಲ್ಲ.

ಮೊದಲ ಫೋನು ಅಡುಗೆಮನೆಯ ಜಯರಾಮನದು. "ಸಾರ್, ಇಡೀ ಆಸ್ಪತ್ರೆಗೆ ಒಬ್ಬರೇ ಪೇಷಂಟು ಅಂತ ತೋರಿಸ್ತಿದೆ. ಮಿಕ್ಕೋರೆಲ್ಲ ಡಿಸ್ಚಾರ್ಜಾ? ಇನ್ನೂರು ಇಡ್ಲಿ ಬೆಂದು ಕೂತಿದೆ."

"ನನಗೆ ಎಲ್ಲಾ ಸರಿಯಾಗೇ ಕಾಣ್ತಿದೆಯಲ್ಲಪ್ಪ," ಎಂದ ಪಂಢರಿನಾಥ. ನಿಯಮ ಮಾಡಿದ ಯಜಮಾನನಿಗೆ ನಿಯಮ ಅನ್ವಯಿಸುವುದಿಲ್ಲ. ಅವನ ತೆರೆಯ ಮೇಲೆ ಅಷ್ಟೂ ರೋಗಿಗಳಿದ್ದರು. "ಯಾರಂತೆ ಆ ಒಬ್ಬರು?"

ಜಯರಾಮ ದನಿ ತಗ್ಗಿಸಿದ. "ನೀವೇ ಸಾರ್. ಪೈಲ್ಸ್ ಅಂತ ಹಾಕಿದೆ. ಖಾರ ಇಲ್ದೆ ಗಂಜಿ ಕಳಿಸ್ಲಾ?"

ಪಂಢರಿನಾಥನಿಗೆ ಮರೆತದ್ದು ನೆನಪಾಯಿತು. ಪರೀಕ್ಷೆಗೆಂದು ಬರೆದದ್ದನ್ನು ಅಳಿಸಲು ಕೈ ಹಾಕುವಷ್ಟರಲ್ಲಿ ಮೂರನೆಯ ಮಹಡಿಯ ನರ್ಸ್ ಫೋನು ಮಾಡಿ, ನೀವು ಯಾವ ಹಾಸಿಗೆಯಲ್ಲಿದ್ದೀರಿ, ಹುಡುಕಿ ಸಾಕಾಯಿತು ಎಂದಳು. ಅದನ್ನಿಡುವಷ್ಟರಲ್ಲಿ ಡೈರೆಕ್ಟರಿಂದ ಕರೆ ಬಂತು.

ಮೇಲೆ ಸೋಮವಾರದ ಸಭೆ. ಹೊಸ ನಿಯಮದ ಹೆಚ್ಚುಗಾರಿಕೆ ತೋರಿಸಲೆಂದು ಡೈರೆಕ್ಟರು ಪಟ್ಟಿಯನ್ನು ಗೋಡೆಗೆ ಹಾಯಿಸಿದ್ದರು. ಹನ್ನೆರಡು ಡಾಕ್ಟರುಗಳ ಮುಂದೆ, ಗೋಡೆಯಗಲಕ್ಕೆ, ಪಂಢರಿನಾಥನ ಒಂದೇ ಸಾಲು ಹೊಳೆಯುತ್ತಿತ್ತು. ಡೈರೆಕ್ಟರು ಕುರ್ಚಿ ತೋರಿಸಿ "ಉಕ್ಕಾರುಂಗ" ಎಂದರು. ಮತ್ತೆ ಗೋಡೆ ನೋಡಿ, "ವೇಣಾಂ, ನಿನ್ನುಟ್ಟೇ ಪೇಸುಂಗ" ಎಂದು ನಿಂತೇ ಮಾತಾಡಲು ಹೇಳಿದರು. ಯಾರೂ ನಗಲಿಲ್ಲ. ಅವರು ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ನಿಂತ; ಅದು ಎರಡನೆಯ ಮಹಡಿ.

ಕೆಳಗೆ ಬಂದು ಅದನ್ನು ಅಳಿಸುವಾಗ ನಲವತ್ತು ನಿಮಿಷ ಕಳೆದಿತ್ತು. ಆಮೇಲೆ ನಿಯಮ ಚೊಕ್ಕವಾಗಿ ನಡೆಯಿತು. ಯಾರಿಗೂ ಅವನ ಸಾಲು ಕಾಣಲಿಲ್ಲ. ಆದರೆ ದಾರಿಯಲ್ಲಿ ಸಿಕ್ಕವರೆಲ್ಲ ಮೆಲ್ಲಗೆ, "ಬಿಸಿನೀರಲ್ಲಿ ಕೂತ್ಕೊಳ್ಳಿ" ಎಂದು ಹೇಳಿ ಹೋದರು.

ಸಂಜೆ ಹಿಂದಿನ ಗೇಟಿನಿಂದ ನುಸುಳಿದರೆ, ಅಲ್ಲೇ ಜಲಜಮ್ಮ ನಿಂತಿದ್ದರು.

"ಅಕ್ಕ, ನಿಮ್ಮ ಸ್ಕ್ರೀನಲ್ಲೂ ಬಂತಾ?" ತಲೆಯೆತ್ತದೆ ಕೇಳಿದ.

"ಬಂತಪ್ಪ. ನನಗೇನು ಹೊಸದಾ? ಭಾನುವಾರದ ಚೀಟಿನೆಲ್ಲ ಸೋಮವಾರ ಟೈಪ್ ಮಾಡೋದು ಯಾರು ಅಂದ್ಕೊಂಡಿದೀಯ? ನಿನ್ನ ಸಾಲು ಹಾಕಿದ್ದೇ ನಾನು."

"ಮೂರು ವಾರದಿಂದ ಗೊತ್ತಾ? ಯಾರಿಗೂ ಹೇಳ್ಲಿಲ್ವಾ?"

"ನಮ್ಮ ಮಗೂಗೆ ನೋಡಿರೋ ಹುಡುಗ. ಹೇಳ್ಕೊಂಡು ತಿರುಗ್ತೀನಾ? ನಮ್ಮೆಜಮಾನ್ರಿಗೂ ಹೇಳಿಲ್ಲ."

ಬೆಳಗಿನಿಂದ ಆದ ನಾಚಿಕೆಯೆಲ್ಲ ಸೇರಿದರೂ ಈ ನಾಚಿಕೆಗೆ ಸಾಟಿಯಾಗಲಿಲ್ಲ. ಮೂರು ವಾರ ತಾನು ಈ ಹೆಂಗಸಿನ ಬಾಯಿಗೆ ಬೀಗ ಮಾಡುತ್ತ ಕೂತಿದ್ದ. ಅವರ ಬಾಯಿ ತಾನಾಗಿಯೇ ಮುಚ್ಚಿತ್ತು. "ಹಾಗಾದ್ರೆ ಭಾನುವಾರ ಬರ್ಬಹುದಾ ಅಕ್ಕ?" ಎಂದ.

ಜಲಜಮ್ಮ ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡರು. "ಬೇಡ ಕಣಪ್ಪ. ನಮ್ಮ ಭಾವ, ಮಾಧವಿ ಅಪ್ಪ, ಬೆಳಿಗ್ಗೆ ಶುಗರ್ ಟೆಸ್ಟಿಗೆ ಬಂದಿದ್ರು. ಲ್ಯಾಬಿನವನಿಗೆ ಕಂಪ್ಯೂಟರಲ್ಲಿ ಒಂದೇ ಹೆಸರು ಕಂಡಿದೆ. ಅವರೇ ನೀನು ಅಂದ್ಕೊಂಡು, ಅಷ್ಟು ಜನರ ಮುಂದೆ 'ಪಂಢರಿನಾಥ್, ಪೈಲ್ಸ್' ಅಂತ ನಾಲ್ಕು ಸಲ ಕೂಗಿ ಕರೆದನಂತೆ."

"ಕಾಯಿಲೆ ಅಂತ ಬೇಡ ಅಂದ್ರಾ?"

"ಅಯ್ಯೋ, ಅದು ಅವರಿಗೂ ಇದೆ, ಇಪ್ಪತ್ತು ವರ್ಷದಿಂದ. ಮನೆ ಬಿಟ್ರೆ ಹೊರಗೆ ಒಬ್ಬರಿಗೂ ಗೊತ್ತಿಲ್ಲ. ತನ್ನದನ್ನೇ ಮುಚ್ಚಿಟ್ಕೊಳ್ಳೋಕೆ ಬರ್ದಿರೋನು ನಾಳೆ ಮಾವನದು ಏನು ಮುಚ್ಚಿಡ್ತಾನೆ ಅಂದ್ರು."