ಹರಳೆಣ್ಣೆಯಲ್ಲಿ ಕಬ್ಬಿಣದ ಸಾಲು

ಕೈಗೊಂದು ಅಯಸ್ಕಾಂತ ಸಿಕ್ಕಿದರೆ ಮನುಷ್ಯ ಸುಮ್ಮನಿರಬಾರದು ಎಂದು ಆಗ ನಾನು ದೃಢವಾಗಿ ನಂಬಿದ್ದೆ. ಮದುವೆಯಾದ ವರ್ಷ, ಮೊದಲ ದೀಪಾವಳಿಗೆ ವಸ್ತಾರೆಯ ಮಾವನ ಮನೆಗೆ ಹೊರಟವನಿಗೆ ಮೂಡಿಗೆರೆಯ ಮೋಟಾರು ರಿಪೇರಿ ಸಾಬರು ಹಳೇ ಕಾರಿನಿಂದ ಬಿಚ್ಚಿದ ಲಾಳದಂಥ ಅಯಸ್ಕಾಂತವನ್ನೂ, ಕಬ್ಬಿಣಕ್ಕೆ ಅರ ಉಜ್ಜಿದಾಗ ಉದುರಿದ ಪುಡಿಯನ್ನೂ ಕೊಟ್ಟರು. ನನ್ನ ಆಸೆ ಇಷ್ಟೇ. ಎಸ್ಟೇಟಿನ ರೈಟರಾದ ನನ್ನನ್ನು ‘ಬರೀ ಲೆಕ್ಕ ಬರೆಯೋರು’ ಎನ್ನುತ್ತಿದ್ದ ಮಾವ ಒಮ್ಮೆಯಾದರೂ ಬುದ್ಧಿವಂತ ಎನ್ನಬೇಕು!

ಹಬ್ಬದ ಹಿಂದಿನ ಸಂಜೆ ಬಚ್ಚಲುಮನೆಯ ಗೂಡಿನಲ್ಲಿ ಹಿತ್ತಾಳೆ ಬಟ್ಟಲ ತುಂಬ ಹರಳೆಣ್ಣೆ ಕಂಡಿತು. ಜಗಲಿಗೆ ತಂದೆ. ಪುಡಿ ಸುರಿದು ಕದಡಿ, ಪಕ್ಕದಲ್ಲಿ ಅಯಸ್ಕಾಂತ ಹಿಡಿದೆ. ಆಹಾ! ಚೆಲ್ಲಾಪಿಲ್ಲಿಯಾಗಿದ್ದ ಕಣಗಳು ನಿಧಾನವಾಗಿ ಒಂದರ ಹಿಂದೊಂದು ಸಾಲಾದವು. ಪ್ರತಿ ಕಣವೂ ತಾನೇ ಪುಟ್ಟ ಅಯಸ್ಕಾಂತವಾಗಿ ಮುಂದಿನದರ ಬಾಲ ಹಿಡಿಯುತ್ತಿತ್ತು. ಇನ್ನೂ ಹತ್ತಿರ ತಂದರೆ ಸಾಲುಸಾಲೇ ಕೂಡಿ ಗಂಟಾಗುತ್ತಿತ್ತು.

“ಸಾಲಾಗಿ ನಿಲ್ಲಿ ಅಂತ ಇವಕ್ಕೆ ಯಾರು ಹೇಳಿಕೊಟ್ರು?” ಹೆಂಡತಿ ಸೀತೆ ಬಗ್ಗಿ ನೋಡಿದಳು.

“ನಾಳೆ ನಿಮ್ಮಪ್ಪಯ್ಯನ ಎದುರಿಗೇ ಹೇಳ್ತೀನಿ, ತಾಳು.”

ಬಟ್ಟಲನ್ನು ಸದ್ದಿಲ್ಲದೆ ಗೂಡಿಗೆ ಸೇರಿಸಿದೆ. ಪುಡಿ ತಳಕ್ಕಿಳಿಯಿತು. ಮೇಲೆ ತಿಳಿಯಾದ ಎಣ್ಣೆ.

ಬೆಳಗ್ಗೆ ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಅದೇ ಎಣ್ಣೆಯನ್ನು ಬಿಸಿಮಾಡಿ ಕಲಕಿ, ಗರಿಕೆಯಿಂದ ಶಾಸ್ತ್ರ ಮುಗಿಸಿ, ನಾನು ಬಟ್ಟಲನ್ನು ಗುರುತಿಸುವಷ್ಟರಲ್ಲಿ ಉಳಿದದ್ದನ್ನೆಲ್ಲ ಪ್ರೀತಿಯಿಂದ ನನ್ನ ಕ್ರಾಪಿನ ಮೇಲೆ ಸುರಿದರು. ಹೊಸ ಅಳಿಯನಿಗೆಂದೇ ತೆಗೆದಿಟ್ಟ ಎಣ್ಣೆಯಂತೆ ಅದು!

ಸೀತೆ ತಿಕ್ಕತೊಡಗಿದಳು. “ಏನ್ರೀ, ತಲೆ ತುಂಬ ಮರಳು?”

“ಗಾಬರಿ ಬೇಡ. ಅಯಸ್ಕಾಂತ ತಗೊಂಬಾ!”

ವಿಜ್ಞಾನದ ಮೇಲೆ ಅಂಥ ಭರವಸೆ ನನಗೆ. ತಲೆಯ ಮೇಲೆ ಹಿಡಿದದ್ದೇ ತಡ, ಕಣಗಳು ಮುಳ್ಳುಹಂದಿಯ ಮುಳ್ಳಿನಂತೆ ನೆಟ್ಟಗೆದ್ದು, ಕೂದಲನ್ನೂ ಸೇರಿಸಿಕೊಂಡು ಗಂಟಾದವು. ಅಯಸ್ಕಾಂತ ಆ ಗಂಟನ್ನು ಕಚ್ಚಿಕೊಂಡಿತು. ಎಳೆದರೆ ಪ್ರಾಣ ಹೋಗುವಷ್ಟು ನೋವು, ಬಿಟ್ಟರೆ ಕಿವಿಯ ಮೇಲೆ ಜೋತಾಟ. ಆ ನೋವಿನಲ್ಲೂ ಕನ್ನಡಿ ಕೇಳಿದೆ, ಸಾಲುಗಳು ಹೇಗೆ ನಿಂತಿವೆ ಎಂದು ನೋಡಲು!

ಅಷ್ಟರಲ್ಲಿ ಮಾವ ಬಂದರು. “ಇದೆಂಥ ಅವತಾರ ಮಾರಾಯ್ರೆ?”

ಉತ್ತರ ಸಿದ್ಧವಿತ್ತು. ಹೇಳಲು ಅತ್ತ ತಿರುಗಿದರೆ ಅಯಸ್ಕಾಂತ ಕೆನ್ನೆಗೆ ಬಡಿಯಿತು.

ಗಂಟು ಕತ್ತರಿಗೆ ಬಗ್ಗದೆ, ಕೊನೆಗೆ ಕ್ಷೌರದವನನ್ನೇ ಕರೆಸಬೇಕಾಯಿತು. ಹಬ್ಬದ ದಿನ ತಲೆ ಬೋಳಿಸುವುದೆಂದರೆ! ಅತ್ತೆ ಅಳುತ್ತಲೇ ದೇವರ ಮುಂದೆ ತಪ್ಪುಕಾಣಿಕೆ ಇಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಂದ ನೆಂಟರೆಲ್ಲ ನನ್ನನ್ನು ನೋಡಿ ಹೊಸಿಲಲ್ಲೇ ನಿಂತು, ದನಿ ತಗ್ಗಿಸಿ, “ಅಯ್ಯೋ, ಮನೇಲಿ ಯಾರು ಹೋಗಿಬಿಟ್ರು?” ಎಂದು ಕೇಳತೊಡಗಿದರು.

ಮಾವ ಒಬ್ಬೊಬ್ಬರಿಗೂ ಸಮಾಧಾನ ಹೇಳಿದರು: “ಯಾರೂ ಹೋಗ್ಲಿಲ್ಲ, ಒಳಗೆ ಬನ್ನಿ. ನಮ್ಮ ಅಳಿಯಂದ್ರು ಬುದ್ಧಿವಂತ್ರು, ಅಷ್ಟೆ!”