ಡಂಬಳಕ್ಕೆ ಹೊರಟ ಗ್ರಹ

ಮನುಷ್ಯನಿಗೆ ಒಂದಲ್ಲ ಒಂದು ಚಪಲ ಇದ್ದೇ ಇರುತ್ತದೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಇಲೆಕ್ಷನ್ನು. ನನಗೆ ಶಾಲು. ಬೆಟಗೇರಿಯಲ್ಲಿ ವಿಜ್ಞಾನದ ಮಾಸ್ತರನಾಗಿ ತಲೆ ನರೆಯಿತು, ಓಣಿಯ ಅರ್ಧ ಜನಕ್ಕೆ ಸನ್ಮಾನವಾಯಿತು, ನನ್ನ ಹೆಗಲು ಮಾತ್ರ ಬರಿದಾಗಿಯೇ ಉಳಿಯಿತು. ಹೀಗಿರುವಾಗ ಡಂಬಳದ ಕಡೆಯ ಒಂದು ಶಾಲೆಯಿಂದ ಫೋನು ಬಂತು. "ನಮ್ಮ ಸೂರ್ಯನಂಥಾದ್ದಽ ದೂರದ ನಕ್ಷತ್ರ, ಅದರ ಸುತ್ತ ತಿರಗೋ ಗ್ರಹ, ಇದರ ಮ್ಯಾಲೆ ನಾಕು ಮಾತು ಹೇಳ್ರಿ ಸರ. ಶಾಲು ಹೊಚ್ಚತೀವಿ." ಕೊನೆಯ ಮಾತು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. "ಹಸರ ಬಣ್ಣದ್ದು ಕೇಳ್ರಿ, ಟಿವಿ ಮ್ಯಾಲೆ ಹೊಚ್ಚಾಕ ಬರತೈತಿ" ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಗದಗಿನಲ್ಲಿ ಮಾಬುಸಾಬನ ಟಂಟಂ ಆಟೋ ಹತ್ತಿದೆ. "ಹೊಂಟೇ ಬಿಟ್ಟೆ ಸರ, ಇನ್ನೊಂದು ಸೀಟ್ ಬರ್ಲಿ" ಎಂದವನು ಊರು ಬಿಡದೆ, "ಡಂಬಳ, ಡಂಬಳ!" ಎಂದು ಒದರುತ್ತ ಸರ್ಕಲ್ಲನ್ನೇ ಸುತ್ತತೊಡಗಿದ. ಸುಮ್ಮನೆ ಕೂರುವುದು ಮಾಸ್ತರರ ಜಾಯಮಾನವಲ್ಲ. ನನ್ನ ಭಾಷಣವನ್ನು ಅವನಿಗೇ ಒಪ್ಪಿಸಿದೆ. ಅಷ್ಟು ದೂರದ ಗ್ರಹ ಕಣ್ಣಿಗೆ ಕಾಣುವುದಿಲ್ಲ. ಅದು ಅಡ್ಡ ಬಂದಾಗಲೆಲ್ಲ ನಕ್ಷತ್ರದ ಬೆಳಕು ಒಂಚೂರು ಕುಂದುತ್ತದೆ. ಅದರಿಂದಲೇ ಗ್ರಹದ ಪತ್ತೆ. ಅಷ್ಟರಲ್ಲಿ ಸರ್ಕಲ್ಲಿನ ಅಂಚಿನಲ್ಲಿ ಮಿರ್ಚಿ ಕರಿಯುತ್ತಿದ್ದ ಶಾಂತವ್ವ ಬಾಂಡ್ಲಿಯಿಂದ ತಲೆ ಎತ್ತದೆಯೇ ಗದರಿದಳು: "ಲೇ ಮಾಬೂ, ಮತ್ತ ನೀನಽ ಏನೋ? ಎಷ್ಟು ಸಲ ಬಿಸಿಲಿಗೆ ಅಡ್ಡ ಬರ್ತೀ?"

"ನೋಡು, ಹಿಂಗಽ ಪತ್ತೆ ಹಚ್ಚೂದು!" ಎಂದು ನಾನು ಕುಣಿದಾಡಿದೆ. ಆ ಖುಷಿಯಲ್ಲಿ ಅವಳ ಹತ್ತಿರ ಮಿರ್ಚಿ ಕಟ್ಟಿಸಿಕೊಂಡು ತೊಡೆಯ ಮೇಲಿಟ್ಟುಕೊಂಡದ್ದೇ ತಪ್ಪಾಯಿತು.

ಶಾಲೆ ಮುಟ್ಟಿದಾಗ ಹೊತ್ತು ಮೀರಿತ್ತು. ನನ್ನ ಅಂಗಿಯ ತುಂಬ ಎಣ್ಣೆ, ತಲೆಯ ತುಂಬ ಧೂಳು. ಮಾಬುಸಾಬನೋ, ಸಂಜೆ ಬೀಗರ ಮನೆಗೆ ಹೋಗುವವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿನ ಮೇಲೆ ಚಾಳೀಸು. ನಾನು ಬಂದಿರುವ ಖಬರು ಹೇಳಲು ಅವನು ಮುಂದೆ ಹೋದ. ಮುಖ ತೊಳೆದು ನಾನು ಒಳಗೆ ಕಾಲಿಟ್ಟರೆ ಚಪ್ಪಾಳೆಯೋ ಚಪ್ಪಾಳೆ! ಹೆಡ್‌ಮಾಸ್ತರರು ಅವನಿಗೆ ಹಸಿರು ಶಾಲು ಹೊದಿಸಿ ಮೈಕಿನ ಮುಂದೆ ನಿಲ್ಲಿಸಿಬಿಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಡ್ರೈವರ್ ಸಾಹೇಬರಽ, ಹಿಂದ ಕುಂಡ್ರಿ, ಚಾ ಕಳಸ್ತೀವಿ" ಎಂದರು. ಮಾಬುಸಾಬ ನನ್ನತ್ತ ಮಿಕಿಮಿಕಿ ನೋಡಿ, ಬೇರೆ ದಾರಿ ಕಾಣದೆ ಶುರು ಮಾಡಿದ: "ಗ್ರಹ ಕಾಣಂಗಿಲ್ರಿ. ಬೆಳಕಿಗೆ ಅಡ್ಡ ಬರ್ತೈತಿ, ಶಾಂತವ್ವ ಬೈತಾಳ, ಆವಾಗ ಗೊತ್ತಾಗತೈತಿ. ಅವಕ್ಕ ಇನ್ನೂ ಒಂದು ಸೀಟು ಸಿಕ್ಕಿಲ್ಲ, ಅದಕ್ಕ ಸುತ್ತಾಕ ಹತ್ಯಾವು." ಹುಡುಗರು ಬೆಂಚು ಕುಟ್ಟಿ ಕುಣಿದರು. ನನ್ನ ಯಾವ ಪಾಠಕ್ಕೂ ಹಾಗೆ ಯಾರೂ ಕುಣಿದಿಲ್ಲ.

ಹೊರಗೆ ಬಂದ ಮೇಲೆ, "ಈ ಶಾಲು ನಿಮ್ಮದು ಸರ, ಆದ್ರ ಹೆಡ್‌ಮಾಸ್ತರರು ಇನ್ನೂ ಗೇಟಿನ್ಯಾಗ ನಿಂತಾರ, ಗದಗಿನ್ಯಾಗ ಕೊಡತೀನಿ" ಎಂದ ಮಾಬುಸಾಬ. ಗದಗಿಗೆ ಹೊರಡುವುದೆಂದರೆ ಸೀಟು ಬೇಕಲ್ಲ? ಡಂಬಳದ ಬಸ್‌ಸ್ಟ್ಯಾಂಡು ಸುತ್ತತೊಡಗಿದೆವು. ಇವನು ಮಾತ್ರ ಒದರಲೊಲ್ಲ. "ಯಾಕೋ?" ಎಂದೆ.

"ಶಾಲು ಹೊಚ್ಕೊಂಡು ಒದರಿದ್ರ ಚೆಂದ ಕಾಣಂಗಿಲ್ಲ ಸರ. ನೀವಽ ಒದರ್ರಿ."

ಮೊದಲ ಸುತ್ತಿಗೆ ನಾಚಿಕೆಯಾಯಿತು. ಎರಡನೆಯ ಸುತ್ತಿಗೆ ದನಿ ಕುದುರಿತು: "ಗದಗ, ಗದಗ! ಹೊಂಟೇ ಬಿಟ್ಟೀವ್ರಿ, ಇನ್ನೊಂದಽ ಸೀಟು!"